12,34,56,789: ಒಂದು ದೊಡ್ಡ ಸಂಖ್ಯೆಯನ್ನು ಕೈಯಲ್ಲೇ ಬಿಡಿಸುವ ಬಗೆ

ಒಂಬತ್ತು ಅಂಕಿಯ ಸಂಖ್ಯೆಯೊಂದನ್ನು ಮುಂದಿಟ್ಟು "ಇದರ ಅಪವರ್ತನ ಮಾಡಿ" ಎಂದರೆ ನಾವೆಲ್ಲ ಮಾಡುವುದು ಒಂದೇ ಕೆಲಸ. 2ರಿಂದ ಭಾಗಿಸಿ ನೋಡುವುದು, ಆಗದಿದ್ದರೆ 3, ಆಮೇಲೆ 5, 7, 11... ಹೀಗೆ ಹೋಗುತ್ತಲೇ ಇರುವುದು. ಶಾಲೆಯಲ್ಲಿ ಕಲಿತದ್ದೂ ಅದನ್ನೇ. ಮೂರ್ನಾಲ್ಕು ಅಂಕಿಗೆ ಅದು ಸಾಕು. ಒಂಬತ್ತು ಅಂಕಿಗೆ ಬಂದಾಗ ಅದೇ ದಾರಿ ಸಾಕುಸಾಕು ಅನಿಸಿಬಿಡುತ್ತದೆ.

ಇಲ್ಲಿ 12,34,56,789 ಅನ್ನುವ ಸಂಖ್ಯೆಯನ್ನೇ ಹಿಡಿದು ಶುರುವಿನಿಂದ ಕೊನೆಯವರೆಗೆ ಬಿಡಿಸೋಣ. ಕೀಬೋರ್ಡ್ ಮೇಲೆ ಸುಮ್ನೆ ಬೆರಳು ಎಳೆದರೆ ಬರುವ ಸಂಖ್ಯೆ ಇದು, ನೋಡಲು ಏನೂ ವಿಶೇಷ ಇಲ್ಲ ಅನಿಸುತ್ತದೆ. ಒಳಗೆ ಮಾತ್ರ ಬೇಕಾದಷ್ಟಿದೆ. ಹಾಳೆ, ಪೆನ್ನು, ವರ್ಗಮೂಲದ ಬಟನ್ ಇರುವ ಸಾದಾ ಕ್ಯಾಲ್ಕುಲೇಟರ್ ಇದ್ದರೆ ಆಯಿತು.

ನನ್ನ ವಾದ ಇಷ್ಟೇ. ಉದ್ದದ ಭಾಗಾಕಾರಕ್ಕೆ ಕೈ ಹಾಕುವ ಮುಂಚೆ ಸುಲಭವಾಗಿ ಉತ್ತರ ಸಿಗುವ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಬೇಕು. ಅಪವರ್ತನ ಒಂದು ಸಿಕ್ಕಿದರೆ ಮಿಕ್ಕ ಗುಣಗಳೆಲ್ಲ ತಾವಾಗಿಯೇ ಉದುರುತ್ತವೆ.

ಹೆಜ್ಜೆ 1: ಅಂಕಿಗಳನ್ನು ಓದಿ

ಕೊನೆಯ ಅಂಕಿ 9. ಹಾಗಾಗಿ 2 ಮತ್ತು 5 ಹೊರಗೆ ಹೋದವು.

ಅಂಕಿಗಳನ್ನು ಕೂಡಿದರೆ 45. ಅದು 9ರಿಂದ ಭಾಗವಾಗುತ್ತದೆ, ಆದ್ದರಿಂದ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಯಾಕೆ ಅಂದರೆ 10, 100, 1000 ಇವೆಲ್ಲ 9, 99, 999ಕ್ಕಿಂತ ಒಂದೊಂದು ಜಾಸ್ತಿ. 9ರ ಭಾಗ ತೆಗೆದುಬಿಟ್ಟರೆ ಉಳಿಯುವುದು ಅಂಕಿಗಳ ಮೊತ್ತ ಮಾತ್ರ.

ಇದರಿಂದ ಇನ್ನೊಂದು ವಿಷಯ ಪುಕ್ಕಟೆಯಾಗಿ ಸಿಗುತ್ತದೆ. 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದು ಸಲ ಬಳಸಿ ಒಟ್ಟು 3,62,880 ಸಂಖ್ಯೆಗಳನ್ನು ಬರೆಯಬಹುದು. ಹೇಗೆ ಜೋಡಿಸಿದರೂ ಮೊತ್ತ 45 ತಾನೆ? ಅಂದರೆ ಅವುಗಳಲ್ಲಿ ಒಂದೇ ಒಂದು ಅವಿಭಾಜ್ಯ ಸಂಖ್ಯೆಯೂ ಇಲ್ಲ. ಒಂದನ್ನೂ ಭಾಗಿಸದೆ ಮೂರೂವರೆ ಲಕ್ಷಕ್ಕೂ ಜಾಸ್ತಿ ಸಂಖ್ಯೆಗಳ ಕಥೆ ಮುಗಿಯಿತು.

ಇದು ವರ್ಗಸಂಖ್ಯೆ ಆಗಿರಬಹುದಾ? ಕೊನೆಯ ಅಂಕಿ 9 ಇರುವುದರಿಂದ ಆಸೆ ಹುಟ್ಟುತ್ತದೆ, 9ರಿಂದ ಭಾಗವಾಗುವುದರಿಂದ ಆಸೆ ಇನ್ನೂ ಹೆಚ್ಚುತ್ತದೆ. ಆದರೆ ಬೆಸ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಯಾವಾಗಲೂ ಶೇಷ 1 ಬರುತ್ತದೆ. 3, 5, 7ರ ವರ್ಗ ಹಾಕಿ ನೋಡಿ: 9, 25, 49. ಎಲ್ಲದಕ್ಕೂ ಶೇಷ 1. ನಮ್ಮ ಸಂಖ್ಯೆಗೆ ಕೊನೆಯ ಮೂರು ಅಂಕಿ ನೋಡಿದರೆ ಸಾಕು, ಏಕೆಂದರೆ 1000 ತಾನೇ 8ರಿಂದ ಭಾಗವಾಗುತ್ತದೆ. 789ರಲ್ಲಿ 784 ಕಳೆದರೆ ಶೇಷ 5. ಹಾಗಾಗಿ ಇದು ವರ್ಗಸಂಖ್ಯೆ ಅಲ್ಲ.

ಈ 5 ಅನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ಗುಂಪು ಮಾಡಿ

7, 11, 13ಕ್ಕೆ ಬೇರೆ ಬೇರೆ ನಿಯಮ ಬಾಯಿಪಾಠ ಮಾಡುವ ಅಗತ್ಯ ಇಲ್ಲ. 7 × 11 × 13 = 1001 ಅನ್ನುವುದು ಗೊತ್ತಿದ್ದರೆ ಮೂರನ್ನೂ ಒಟ್ಟಿಗೆ ನೋಡಬಹುದು. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ. ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮಗಳನ್ನು ಇಲ್ಲಿ ಸ್ವಲ್ಪ ಹೊತ್ತು ಮರೆಯಬೇಕು. 123, 456, 789 ಎಂದಾಗುತ್ತದೆ. ಬಲಗಡೆಯ ಗುಂಪಿನಿಂದ ಶುರು ಮಾಡಿ ಒಂದು ಕಳೆದು ಒಂದು ಕೂಡುತ್ತಾ ಬನ್ನಿ:

789 − 456 + 123 = 456

ಈಗ 456 ಒಂದನ್ನೇ ನೋಡಿದರಾಯಿತು. 7ರಿಂದ ಭಾಗಿಸಿದರೆ ಶೇಷ 1, 11ರಿಂದ ಶೇಷ 5, 13ರಿಂದ ಶೇಷ 1. ಮೂರೂ ಅಲ್ಲ.

ಅದೇ ಗುಂಪುಗಳನ್ನು ಕಳೆಯದೆ ಬರೀ ಕೂಡಿದರೆ 37ರ ಪರೀಕ್ಷೆ ಆಗುತ್ತದೆ, ಏಕೆಂದರೆ 999 = 27 × 37. 123 + 456 + 789 = 1368. ಮತ್ತೆ 1 + 368 = 369. ಇದು 37ರಿಂದ ಭಾಗವಾಗಲ್ಲ, ಶೇಷ 36. 27ರಿಂದಲೂ ಆಗಲ್ಲ, ಶೇಷ 18. ಅಂದರೆ ನಮ್ಮ ಸಂಖ್ಯೆಯಲ್ಲಿ 9 ಇದೆ, 27 ಇಲ್ಲ ಅನ್ನುವುದೂ ಇಲ್ಲೇ ತಿಳಿಯಿತು.

ಹೆಜ್ಜೆ 3: ಸಿಕ್ಕಿದ್ದನ್ನು ಕೂಡಲೇ ತೆಗೆದುಬಿಡಿ

12,34,56,789 ÷ 9 = 1,37,17,421. ಇನ್ನು ಮೇಲೆ ದೊಡ್ಡ ಸಂಖ್ಯೆಯ ಕಡೆ ತಿರುಗಿ ನೋಡಬೇಡಿ. ಎಲ್ಲ ಕೆಲಸ ಈ ಚಿಕ್ಕದರ ಮೇಲೆ.

17, 19, 23, 29, 31ರಿಂದ ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ಭಾಗಿಸಿ ನೋಡಿ. ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ.

ಈಗ ನಿಂತು ಯೋಚಿಸುವ ಹೊತ್ತು. 1,37,17,421ರ ವರ್ಗಮೂಲ ಸುಮಾರು 3703.7. ಸಂಯುಕ್ತ ಸಂಖ್ಯೆಗೆ ತನ್ನ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಅಪವರ್ತನ ಇರಲೇಬೇಕು, ಹಾಗಾಗಿ 3703ರವರೆಗೆ ನೋಡಿದರೆ ಸಾಕು ಅನ್ನುವುದು ನಿಯಮ. "ಸಾಕು" ಅನ್ನುವುದು ಹೇಳಲು ಸುಲಭ. ಅಷ್ಟರೊಳಗೆ ಐನೂರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಒಂದೊಂದಾಗಿ ಭಾಗಿಸುತ್ತಾ ಹೋದರೆ ಈ ಸಂಖ್ಯೆ ಬಾಯಿ ಬಿಡುವುದು 504ನೇ ಅವಿಭಾಜ್ಯಕ್ಕೆ ಬಂದಾಗ. ಅಷ್ಟು ತಾಳ್ಮೆ ಯಾರಿಗಿದೆ?

ಹೆಜ್ಜೆ 4: ಎರಡು ವರ್ಗಗಳ ವ್ಯತ್ಯಾಸ ಹುಡುಕಿ

ಈ ಲೇಖನದ ಜೀವ ಇರುವುದು ಇಲ್ಲಿ. ಅ² − ಬ² = (ಅ − ಬ)(ಅ + ಬ) ಅನ್ನುವ ಸೂತ್ರ ಎಲ್ಲರಿಗೂ ಗೊತ್ತು. ಫ್ರಾನ್ಸಿನ ಪಿಯರ್ ಡಿ ಫರ್ಮಾ ಇದನ್ನು ತಿರುಗಿಸಿ ಬಳಸಿದ. ಒಂದು ಬೆಸ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಆದರೆ ಅದರ ಅಪವರ್ತನ ಕೈಗೆ ಬಂದ ಹಾಗೆಯೇ.

ಮಾಡುವ ರೀತಿ ಹೀಗೆ. ವರ್ಗಮೂಲಕ್ಕಿಂತ ಸ್ವಲ್ಪ ದೊಡ್ಡ ಪೂರ್ಣ ಸಂಖ್ಯೆಯಿಂದ ಶುರು ಮಾಡಿ. ಅದರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದು ವರ್ಗಸಂಖ್ಯೆಯಾ ನೋಡಿ. ಅಲ್ಲದಿದ್ದರೆ ಮುಂದಿನ ಸಂಖ್ಯೆಗೆ ಹೋಗಿ.

ನಮ್ಮ ವರ್ಗಮೂಲ 3703.7, ಆದ್ದರಿಂದ ಮೊದಲು 3704.

3704² = 1,37,19,616
1,37,19,616 − 1,37,17,421 = 2195

2195 ವರ್ಗಸಂಖ್ಯೆ ಅಲ್ಲ. ಲೆಕ್ಕ ಮಾಡುವುದೂ ಬೇಡ: 5ರಲ್ಲಿ ಮುಗಿಯುವ ವರ್ಗಗಳೆಲ್ಲ 25ರಲ್ಲೇ ಮುಗಿಯುತ್ತವೆ, ಇದು 95ರಲ್ಲಿ ಮುಗಿದಿದೆ.

ಮುಂದಿನದು 3705. ಹೊಸದಾಗಿ ವರ್ಗ ಮಾಡುವ ಕಷ್ಟ ಬೇಡ. 3704ರಿಂದ 3705ಕ್ಕೆ ಹೋದಾಗ ವರ್ಗ ಹೆಚ್ಚುವುದು 3704 + 3705 = 7409ರಷ್ಟು. ಹಿಂದಿನ ಉಳಿಕೆಗೆ ಅದನ್ನು ಕೂಡಿದರಾಯಿತು:

2195 + 7409 = 9604

9604 ಅಂದರೆ 98². ಎರಡನೇ ಸಲಕ್ಕೇ ಸಿಕ್ಕಿಬಿಟ್ಟಿತು!

1,37,17,421 = 3705² − 98² = (3705 − 98)(3705 + 98) = 3607 × 3803

504 ಭಾಗಾಕಾರದ ಕೆಲಸ ಒಂದು ಕಳೆಯುವಿಕೆ, ಒಂದು ಕೂಡುವಿಕೆಯಲ್ಲಿ ಮುಗಿಯಿತು. ನನಗೆ ಇಡೀ ಅಂಕಗಣಿತದಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ದೊಡ್ಡ ಫಲ ಕೊಡುವ ತಂತ್ರ ಇನ್ನೊಂದು ಕಾಣುವುದಿಲ್ಲ.

ಫರ್ಮಾ 1643ರ ಸುಮಾರಿಗೆ ಇದನ್ನು ವಿವರಿಸುವಾಗ ತೆಗೆದುಕೊಂಡ ಉದಾಹರಣೆ 2,02,76,51,281. ವರ್ಗಮೂಲ 45,029ಕ್ಕಿಂತ ಚೂರು ಜಾಸ್ತಿ. 45,030ರಿಂದ ಶುರು ಮಾಡಿದರೆ ಹನ್ನೆರಡನೆಯ ಪ್ರಯತ್ನಕ್ಕೆ, 45,041ರಲ್ಲಿ, ಉಳಿಕೆ 1020² ಆಗುತ್ತದೆ. ಉತ್ತರ 44,021 × 46,061. ಕೈ ಪಳಗಿಸಿಕೊಳ್ಳಲು ಇದು ಒಳ್ಳೆಯ ಲೆಕ್ಕ, ಮಾಡಿ ನೋಡಿ.

ಒಂದು ಎಚ್ಚರಿಕೆ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರ ಇದ್ದರೆ ಮಾತ್ರ ಈ ಉಪಾಯ ಬೇಗ ಫಲ ಕೊಡುತ್ತದೆ. 3607, 3803ರ ನಡುವೆ ಅಂತರ ಬರೀ 196. ಒಂದು ವೇಳೆ 1,37,17,421 ಅವಿಭಾಜ್ಯವೇ ಆಗಿದ್ದರೆ, ಇದೇ ದಾರಿಯಲ್ಲಿ ಅದು ಗೊತ್ತಾಗಲು 68 ಲಕ್ಷಕ್ಕೂ ಹೆಚ್ಚು ಪ್ರಯತ್ನ ಬೇಕಾಗುತ್ತಿತ್ತು. ಅದಕ್ಕೇ ಕ್ರಮ ಮುಖ್ಯ: ಸಣ್ಣ ಅವಿಭಾಜ್ಯಗಳನ್ನು ಮೊದಲು ಭಾಗಾಕಾರದಿಂದ ಮುಗಿಸಿ, ಆಮೇಲೆ ಹತ್ತಿಪ್ಪತ್ತು ಸಲ ಫರ್ಮಾ ದಾರಿ ನೋಡಿ, ಅಲ್ಲೂ ಸಿಗದಿದ್ದರೆ ಕಂಪ್ಯೂಟರಿಗೆ ಬಿಡಿ.

ಇದು ಬರೀ ಆಟ ಅಂದುಕೊಳ್ಳಬೇಡಿ. ರಿವೆಸ್ಟ್, ಶಮೀರ್, ಆಡಲ್‌ಮನ್ ಮೂವರೂ ಸೇರಿ 1977ರಲ್ಲಿ ಕಂಡುಹಿಡಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದೇ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಬಿಡಿಸುವುದು ಕಷ್ಟ ಅನ್ನುವ ನಂಬಿಕೆಯ ಮೇಲೆ. ಆ ಎರಡು ಅವಿಭಾಜ್ಯಗಳು ತೀರಾ ಹತ್ತಿರ ಇದ್ದರೆ ನಾವು ಈಗ ಮಾಡಿದ್ದನ್ನೇ ಮಾಡಿ ಬೀಗ ತೆಗೆಯಬಹುದು. ಹಾಗಾಗಿ ಕೀಲಿ ತಯಾರಿಸುವಾಗ ಎರಡರ ನಡುವೆ ಸಾಕಷ್ಟು ಅಂತರ ಇದೆಯೇ ಎಂದು ನೋಡುವ ನಿಯಮವೇ ಇದೆ. ಸರಿಯಾಗಿ ಆರಿಸಿದರೆ ಮಾತ್ರ ಬೀಗ ಗಟ್ಟಿ: "ಇವನ್ನು ಬಿಡಿಸಿ ನೋಡಿ" ಎಂದು ಸವಾಲಾಗಿ ಪ್ರಕಟಿಸಿದ್ದ ಆರ್‌ಎಸ್‌ಎ ಸಂಖ್ಯೆಗಳಲ್ಲಿ 250 ಅಂಕಿಯದನ್ನು ಮುರಿದದ್ದು 2020ರಲ್ಲಿ, ಅದೂ ಹತ್ತಾರು ಸಾವಿರ ಕಂಪ್ಯೂಟರುಗಳನ್ನು ದುಡಿಸಿ.

ಹೆಜ್ಜೆ 5: ತುಂಡುಗಳು ಇನ್ನೂ ಒಡೆಯುತ್ತವೆಯೇ ನೋಡಿ

3607 ಮತ್ತು 3803 ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅವು ಅವಿಭಾಜ್ಯ ಹೌದೋ ಅಲ್ಲವೋ? ಇಲ್ಲಿ ಹಳೆಯ ಭಾಗಾಕಾರವೇ ಚೆನ್ನ, ಏಕೆಂದರೆ 3607ರ ವರ್ಗಮೂಲ 60ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. 59ರವರೆಗೆ ನೋಡಿದರೆ ಮುಗಿಯಿತು.

2, 3, 5ನ್ನು ಕಣ್ಣಲ್ಲೇ ಬಿಡಬಹುದು. ಉಳಿದವುಗಳ ಶೇಷ ಹೀಗೆ ಬರುತ್ತದೆ: 7ಕ್ಕೆ 2, 11ಕ್ಕೆ 10, 13ಕ್ಕೆ 6, 17ಕ್ಕೆ 3, 19ಕ್ಕೆ 16, 23ಕ್ಕೆ 19, 29ಕ್ಕೆ 11, 31ಕ್ಕೂ 11, 37ಕ್ಕೆ 18, 41ಕ್ಕೆ 40, 43ಕ್ಕೆ 38, 47ಕ್ಕೆ 35, 53ಕ್ಕೆ 3, 59ಕ್ಕೆ 8. ಎಲ್ಲೂ ಸೊನ್ನೆ ಇಲ್ಲ. 3607 ಅವಿಭಾಜ್ಯ.

3803ಕ್ಕೆ 61ರವರೆಗೆ ಹೋಗಬೇಕು. ಅದೂ ಅವಿಭಾಜ್ಯವೇ. 7ಕ್ಕೆ ಶೇಷ 2, 19ಕ್ಕೆ 3, 29ಕ್ಕೆ 4... ಮಿಕ್ಕಿದ್ದನ್ನು ನೀವೇ ತುಂಬಿಕೊಳ್ಳಿ. ಹೀಗೆ ಪೂರ್ತಿ ಉತ್ತರ:

12,34,56,789 = 3² × 3607 × 3803

ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದೇ ಬೇರೆ, ಅದನ್ನು ಒಡೆಯುವುದೇ ಬೇರೆ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. 91ನ್ನು ತೆಗೆದುಕೊಳ್ಳಿ. ಫರ್ಮಾನ ಇನ್ನೊಂದು ನಿಯಮದ ಪ್ರಕಾರ 91 ಅವಿಭಾಜ್ಯವಾಗಿದ್ದರೆ 2⁹⁰ನ್ನು 91ರಿಂದ ಭಾಗಿಸಿದಾಗ ಶೇಷ 1 ಬರಬೇಕು. 2¹² = 4096, ಅದನ್ನು 91ರಿಂದ ಭಾಗಿಸಿದರೆ ಶೇಷ 1. 90 = 12 × 7 + 6. ಹಾಗಾಗಿ 2⁹⁰ರ ಶೇಷವೂ 2⁶ರ ಶೇಷವೂ ಒಂದೇ, ಅಂದರೆ 64. ಶೇಷ 1 ಬರಲಿಲ್ಲ, ಆದ್ದರಿಂದ 91 ಅವಿಭಾಜ್ಯ ಅಲ್ಲ. ಗಮನಿಸಿ, 7 × 13 ಎಂದು ನಾವು ಎಲ್ಲೂ ಹೇಳಲೇ ಇಲ್ಲ.

ಈ ಪರೀಕ್ಷೆ ಒಂದೇ ದಿಕ್ಕಿಗೆ ನಂಬಿಕಸ್ಥ. ಶೇಷ 1 ಬಾರದಿದ್ದರೆ ಸಂಯುಕ್ತ ಅನ್ನುವುದು ಖಾತ್ರಿ. 1 ಬಂದರೆ ಅವಿಭಾಜ್ಯ ಅನ್ನುವುದು ಖಾತ್ರಿ ಅಲ್ಲ: 341 ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಅದು 11 × 31. ಯಾವ ಸಂಖ್ಯೆಗಾದರೂ ತಪ್ಪದೆ, ಅದೂ ಅಂಕಿಗಳು ಹೆಚ್ಚಿದಂತೆ ಸಮಯ ಕೈಮೀರದ ಹಾಗೆ ಅವಿಭಾಜ್ಯತೆ ಹೇಳುವ ದಾರಿಯನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿಕೊಟ್ಟರು. ಅಪವರ್ತನಕ್ಕೆ ಅಂಥ ದಾರಿ ನಮ್ಮ ಮಾಮೂಲಿ ಕಂಪ್ಯೂಟರುಗಳಿಗೆ ಇನ್ನೂ ಸಿಕ್ಕಿಲ್ಲ.

ಈ ಎರಡರ ನಡುವಿನ ದೂರ ಎಷ್ಟು ಅಂದರೆ, 2⁶⁷ − 1 ಅವಿಭಾಜ್ಯ ಅಲ್ಲ ಎಂದು ಫ್ರಾನ್ಸಿನ ಗಣಿತಜ್ಞ ಲುಕಾ 1876ರಲ್ಲೇ ತೋರಿಸಿದ್ದ. ಅಪವರ್ತನ ಗೊತ್ತಾದದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್‌ನಿಂದ: 19,37,07,721 ಒಂದು, 7,61,83,82,57,287 ಇನ್ನೊಂದು. ನಡುವೆ 27 ವರ್ಷ.

ಹೆಜ್ಜೆ 6: ಅಪವರ್ತನದಿಂದ ಬೀಳುವ ಫಲಗಳು

ಭಾಜಕಗಳು ಎಷ್ಟು? ಪ್ರತಿ ಘಾತಕ್ಕೂ ಒಂದು ಕೂಡಿ ಗುಣಿಸಿ. ಘಾತಗಳು 2, 1, 1. ಹಾಗಾಗಿ 3 × 2 × 2 = 12. ಅವು 1, 3, 9, 3607, 3803, 10,821, 11,409, 32,463, 34,227, 1,37,17,421, 4,11,52,263 ಮತ್ತು ಸಂಖ್ಯೆ ತಾನೇ.

ಒಂಬತ್ತು ಅಂಕಿಯ ಸಂಖ್ಯೆಗೆ ಹನ್ನೆರಡು ಭಾಜಕ ಅಂದರೆ ತೀರಾ ಕಡಿಮೆ. 73,51,34,400 ಕೂಡ ಒಂಬತ್ತು ಅಂಕಿಯದ್ದೇ. ಅದು 2⁶ × 3³ × 5² × 7 × 11 × 13 × 17. ಅದಕ್ಕೆ 7 × 4 × 3 × 2 × 2 × 2 × 2 = 1344 ಭಾಜಕಗಳು! ಒಂಬತ್ತು ಅಂಕಿಯಲ್ಲಿ ಇದಕ್ಕಿಂತ ಹೆಚ್ಚು ಭಾಜಕ ಇರುವ ಸಂಖ್ಯೆ ಇಲ್ಲ. ತನಗಿಂತ ಚಿಕ್ಕ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕ ಹೊತ್ತ ಇಂಥ ಸಂಖ್ಯೆಗಳ ಬಗ್ಗೆ ಶ್ರೀನಿವಾಸ ರಾಮಾನುಜನ್ 1915ರಲ್ಲಿ ಉದ್ದದ ಪ್ರಬಂಧವನ್ನೇ ಪ್ರಕಟಿಸಿದರು.

ಭಾಜಕಗಳ ಮೊತ್ತಕ್ಕೆ ಹನ್ನೆರಡನ್ನೂ ಕೂಡುತ್ತಾ ಕೂರಬೇಡಿ. (1 + 3 + 9) × (1 + 3607) × (1 + 3803) = 13 × 3608 × 3804 = 17,84,22,816. ಇದರಿಂದ ಸಂಖ್ಯೆಯನ್ನೇ ಕಳೆದರೆ 5,49,66,027. ಇದು ಸಂಖ್ಯೆಗಿಂತ ಬಹಳ ಕಡಿಮೆ, ಹಾಗಾಗಿ ಇದು ನ್ಯೂನ ಸಂಖ್ಯೆ. ಎರಡೂ ಒಂದೇ ಆಗಿದ್ದರೆ ಪರಿಪೂರ್ಣ ಸಂಖ್ಯೆ ಅನ್ನುತ್ತಿದ್ದೆವು, 6 ಮತ್ತು 28ರ ಹಾಗೆ.

ಇದರ ಜೊತೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವೇ ಇಲ್ಲದ, ಇದಕ್ಕಿಂತ ಚಿಕ್ಕ ಸಂಖ್ಯೆಗಳು ಎಷ್ಟು? ಇದಕ್ಕೆ ಆಯ್ಲರ್‌ನ ಫೈ ಎಂದು ಹೆಸರು. 9ರ ಪಾಲು 6, ಅವಿಭಾಜ್ಯಗಳ ಪಾಲು ಒಂದೊಂದು ಕಡಿಮೆ: 6 × 3606 × 3802 = 8,22,60,072. ಮೂರರಲ್ಲಿ ಎರಡು ಭಾಗಕ್ಕೆ ಚೂರೇ ಕಡಿಮೆ. ಇರಲೇಬೇಕಲ್ವಾ, ಏಕೆಂದರೆ 3607 ಮತ್ತು 3803ಕ್ಕೆ ಸಿಕ್ಕಿಬೀಳುವ ಸಂಖ್ಯೆಗಳು ಬಹಳ ವಿರಳ. ಆರ್‌ಎಸ್‌ಎ ಕೀಲಿ ಮಾಡುವಾಗಲೂ ಬೇಕಾಗುವುದು ಇಂಥದ್ದೇ ಎಣಿಕೆ.

ಹೆಜ್ಜೆ 7: ತಾಳೆ ನೋಡಿ

9 × 3607 × 3803 ಪೂರ್ತಿ ಗುಣಿಸಿ ನೋಡುವುದು ಒಂದು ದಾರಿ. ಶೇಷಗಳಿಂದ ಇನ್ನೂ ಬೇಗ ಆಗುತ್ತದೆ. 7ಕ್ಕೆ 9ರ ಶೇಷ 2, 3607ರ ಶೇಷ 2, 3803ರ ಶೇಷವೂ 2. ಗುಣಿಸಿದರೆ 8, ಅದರ ಶೇಷ 1. ಎರಡನೇ ಹೆಜ್ಜೆಯಲ್ಲಿ 456ರಿಂದ ಬಂದದ್ದೂ 1 ತಾನೆ? ಹೊಂದಿತು. 11ಕ್ಕೆ 9 × 10 × 8 = 720, ಶೇಷ 5. ಅದೂ ಹೊಂದಿತು. ಇಂಥ ತಾಳೆ ತಪ್ಪನ್ನು ಹಿಡಿಯುತ್ತದೆಯೇ ಹೊರತು ಸರಿ ಇದೆ ಎಂದು ನೂರಕ್ಕೆ ನೂರು ಹೇಳುವುದಿಲ್ಲ. ಆದರೂ 7, 9, 11 ಮೂರನ್ನೂ ದಾಟಿ ನುಸುಳುವ ತಪ್ಪು ಅಪರೂಪ.

ಯಂತ್ರವನ್ನು ಕುರುಡಾಗಿ ನಂಬಬೇಡಿ. ಎಕ್ಸೆಲ್‌ನಲ್ಲಿ 12,34,56,789ರ ವರ್ಗ ಕೇಳಿದರೆ 15241578750190500 ಎಂದು ತೋರಿಸುತ್ತದೆ. 9ರಲ್ಲಿ ಮುಗಿಯುವ ಸಂಖ್ಯೆಯ ವರ್ಗ 1ರಲ್ಲಿ ಮುಗಿಯಬೇಕು, ಸೊನ್ನೆ ಎಲ್ಲಿಂದ ಬಂತು? ಸರಿಯಾದ ಉತ್ತರ 15241578750190521. ಎಕ್ಸೆಲ್ ಹದಿನೈದು ಅಂಕಿ ಮಾತ್ರ ಉಳಿಸಿಕೊಂಡು ಮುಂದಿನದನ್ನು ಸೊನ್ನೆ ಮಾಡುತ್ತದೆ. ದೊಡ್ಡ ಪೂರ್ಣ ಸಂಖ್ಯೆಗಳ ಭಾಜ್ಯತೆ ನೋಡುವವರಿಗೆ ಇದು ದೊಡ್ಡ ಗುಂಡಿ. ಪೈಥಾನ್ ಬಳಸಿ, ಅದರಲ್ಲಿ ಪೂರ್ಣ ಸಂಖ್ಯೆಗಳಿಗೆ ಅಂಕಿಗಳ ಮಿತಿ ಇಲ್ಲ.

ಹೆಜ್ಜೆ 8: ವರ್ಗಗಳಾಗಿ ಬರೆಯಿರಿ

ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ? 4ರಿಂದ ಭಾಗಿಸಿದರೆ ಶೇಷ 1, ನೋಡಿದರೆ ಆಗಬಹುದು ಅನಿಸುತ್ತದೆ. ಆದರೆ ನಿಯಮ ಕೇಳುವುದು ಬೇರೆ: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳು ಅಪವರ್ತನದಲ್ಲಿದ್ದರೆ ಸಮ ಘಾತದಲ್ಲೇ ಇರಬೇಕು. 3² ಪರವಾಗಿಲ್ಲ. 3607ಕ್ಕೆ ಶೇಷ 3, 3803ಕ್ಕೂ 3, ಎರಡೂ ಒಂಟಿ. ಹಾಗಾಗಿ ಆಗಲ್ಲ. ಎಷ್ಟು ಹುಡುಕಿದರೂ ಸಿಗಲ್ಲ.

ಮೂರು ವರ್ಗಗಳು? ಲೆಜಾಂದ್ರ್ ಮತ್ತು ಗೌಸ್ ಸಾಧಿಸಿದ ನಿಯಮದ ಪ್ರಕಾರ, ಸಂಖ್ಯೆಯಲ್ಲಿರುವ 4ಗಳನ್ನೆಲ್ಲ ತೆಗೆದ ಮೇಲೆ 8ರಿಂದ ಶೇಷ 7 ಬಂದರೆ ಮಾತ್ರ ಆಗಲ್ಲ. ಮೂಲೆಯಲ್ಲಿ ಬರೆದಿಟ್ಟ 5 ಈಗ ಕೆಲಸಕ್ಕೆ ಬಂತು: ಆಗುತ್ತದೆ. ಹುಡುಕುವುದು ಹೇಗೆ? ವರ್ಗಮೂಲ ಸುಮಾರು 11,111.1. 11,111² = 12,34,54,321. ಉಳಿಕೆ 2468, ಅಂದರೆ 4 × 617. 617 ಅವಿಭಾಜ್ಯ, 4ರಿಂದ ಶೇಷ 1, ಆದ್ದರಿಂದ ಒಡೆಯುತ್ತದೆ: 19² + 16². ಎರಡರಿಂದ ಹಿಗ್ಗಿಸಿದರೆ 38² + 32².

12,34,56,789 = 11,111² + 38² + 32²

ಮೊದಲ ಪ್ರಯತ್ನಕ್ಕೇ ಇಷ್ಟು ಸೊಗಸಾಗಿ ಕೂತದ್ದು ಅದೃಷ್ಟ ಅನ್ನಬೇಕು. ಬೇರೆ ಸಂಖ್ಯೆಗಳಲ್ಲಿ ನಾಲ್ಕಾರು ಸಲ ಕೆಳಗಿಳಿಯಬೇಕಾಗುತ್ತದೆ.

ಈಗ ಹಿಂದುಮುಂದಾಗಿ: 98,76,54,321

ಅಂಕಿಗಳನ್ನು ತಿರುಗಿಸಿದರೆ ಏನಾಗುತ್ತದೆ? ಮೊದಲು ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ನೋಡೋಣ. ಯೂಕ್ಲಿಡ್ ದಾರಿಯಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ: 98,76,54,321 = 8 × 12,34,56,789 + 9. ಶೇಷ ಬರೀ 9! 12,34,56,789 ಹೇಗೂ 9ರಿಂದ ಭಾಗವಾಗುತ್ತದೆ. ಮ.ಸಾ.ಅ. 9, ಎರಡೇ ಹೆಜ್ಜೆ.

ಅಂದರೆ 9ನ್ನು ಬಿಟ್ಟರೆ ಎರಡಕ್ಕೂ ನೆಂಟಸ್ತಿಕೆ ಇಲ್ಲ. ಇದರ ಅಪವರ್ತನ ಹೊಸದಾಗಿಯೇ ಹುಡುಕಬೇಕು. 9 ತೆಗೆದರೆ 10,97,39,369. 1001ರ ಉಪಾಯದಲ್ಲಿ 369 − 739 + 109 = −261, ಅದು 7, 11, 13ಕ್ಕೆ ಸಿಗುವುದಿಲ್ಲ. ಮುಂದೆ 17ಕ್ಕೆ ಸಿಗುತ್ತದೆ, ಅದೂ ಎರಡು ಸಲ. ಉಳಿಯುವುದು 3,79,721.

98,76,54,321 = 3² × 17² × 3,79,721

3,79,721ನ್ನು 4ರಿಂದ ಭಾಗಿಸಿದರೆ ಶೇಷ 1. ಎರಡು ವರ್ಗಗಳಾಗಿ ಒಡೆದು ನೋಡೋಣ. ಸುಮ್ಮನೆ ಹುಡುಕುವ ಬದಲು ಜರಡಿ ಹಿಡಿಯಿರಿ. 3ರಿಂದ ಶೇಷ 2, ಹಾಗಾಗಿ ಎರಡು ಸಂಖ್ಯೆಗಳೂ 3ರ ಗುಣಕ ಅಲ್ಲ. 5ರಿಂದ ಶೇಷ 1, ಹಾಗಾಗಿ ಒಂದು 5ರ ಗುಣಕ. 16ರಿಂದ ಶೇಷ 9, ಹಾಗಾಗಿ ಸಮ ಇರುವುದು 4ರ ಗುಣಕ. ಸಮ ಸಂಖ್ಯೆಯೇ 5ರ ಗುಣಕವೂ ಆಗಿರಲಿ ಎಂದುಕೊಂಡು ಶುರು ಮಾಡಿದರೆ ನೋಡಬೇಕಾದದ್ದು 20, 40, 80, 100... 20 ಆಗಲ್ಲ, 40 ಆಗಲ್ಲ. 80ಕ್ಕೆ 3,79,721 − 6400 = 3,73,321 = 611².

ಇದರಿಂದ ಇನ್ನೊಂದು ಅನುಕೂಲವಿದೆ. 611 ಮತ್ತು 80ಕ್ಕೆ ಸಾಮಾನ್ಯ ಭಾಜಕ ಇಲ್ಲ, ಆದ್ದರಿಂದ 3,79,721ರ ಅವಿಭಾಜ್ಯ ಅಪವರ್ತನಗಳೆಲ್ಲ 4ರಿಂದ ಶೇಷ 1 ಬರುವಂಥವೇ ಆಗಿರಬೇಕು. ಅದು ಅವಿಭಾಜ್ಯವೇ ಎಂದು ಪರೀಕ್ಷಿಸುವಾಗ 5, 13, 17, 29, 37 ಹೀಗೆ ಅಂಥವನ್ನು ಮಾತ್ರ 613ರವರೆಗೆ ನೋಡಿದರೆ ಸಾಕು, ಅರ್ಧ ಕೆಲಸ ಉಳಿಯಿತು. ಯಾವುದರಿಂದಲೂ ಭಾಗವಾಗುವುದಿಲ್ಲ. ಅದು ಅವಿಭಾಜ್ಯ.

ಈಗ 3 × 17 = 51ರಿಂದ ಎರಡನ್ನೂ ಹಿಗ್ಗಿಸಿ:

98,76,54,321 = 31,161² + 4080²

ಇನ್ನೂ ಇದೆ. 17² = 15² + 8² ಕೂಡ ಹೌದಲ್ವಾ? ಎರಡು ವರ್ಗಗಳ ಮೊತ್ತವನ್ನು ಅಂಥದ್ದೇ ಇನ್ನೊಂದರಿಂದ ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆ. 7ನೇ ಶತಮಾನದ ಬ್ರಹ್ಮಗುಪ್ತನ ಸೂತ್ರದ ಒಂದು ರೂಪ ಇದು. 611, 80ಕ್ಕೆ 15, 8 ಸೇರಿಸಿ: 611 × 15 + 80 × 8 = 9805, 611 × 8 − 80 × 15 = 3688. ಕೂಡುವ ಕಡೆ ಕಳೆದು, ಕಳೆಯುವ ಕಡೆ ಕೂಡಿದರೆ 8525, 6088. ನಾಲ್ಕನ್ನೂ 3ರಿಂದ ಗುಣಿಸಿದರೆ ಇನ್ನೆರಡು ಬಗೆ:

29,415² + 11,064²
25,575² + 18,264²

ಒಟ್ಟು ಮೂರು. ನಾಲ್ಕನೆಯದು ಇಲ್ಲ: 17ರ ಘಾತ 2, 3,79,721ರ ಘಾತ 1, ಒಂದೊಂದು ಕೂಡಿ ಗುಣಿಸಿದರೆ 3 × 2 = 6, ಅದರ ಅರ್ಧ 3.

ಕೊನೆಗೊಂದು ಸೊನ್ನೆ ಸೇರಿಸಿ 9,87,65,43,210 ಮಾಡಿದರೆ ಅಪವರ್ತನದಲ್ಲಿ 2 ಮತ್ತು 5 ಹೊಸದಾಗಿ ಸೇರುತ್ತವೆ. 5ನ್ನು 4ರಿಂದ ಭಾಗಿಸಿದರೆ ಶೇಷ 1, ಆದ್ದರಿಂದ ಬಗೆಗಳು ಎರಡು ಪಟ್ಟಾಗಿ ಆರಾಗುತ್ತವೆ. 10 = 3² + 1² ಎಂದು ಹಿಡಿದು ಅದೇ ಸೂತ್ರ ಹಾಕಿ. ಒಂದು ನಾನೇ ಕೊಡುತ್ತೇನೆ, 97,563² + 18,921². ಉಳಿದ ಐದು ನಿಮ್ಮ ಹಾಳೆಯ ಮೇಲೆ ಬರಲಿ.